ಕೂರಲು ಒಂದು ಜಾಗ

ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಇವತ್ತಿಗೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನೆಲದ ತುಂಬ ಗಾದಿ, ಅದರ ಮೇಲೆ ಬಿಳಿ ಬಟ್ಟೆ. ಮಾರುವವರು ಕೂತಿರುವುದೂ ಅದರ ಮೇಲೆಯೇ, ಕೊಳ್ಳಲು ಬಂದ ತಾಯಿ, ಮಗಳು, ಜೊತೆಗೆ ಬಂದ ಚಿಕ್ಕಮ್ಮ ಕೂರುವುದೂ ಅದರ ಮೇಲೆಯೇ. ಮಡಿಕೆ ಬಿಡಿಸಿ ಬೀಸಿದರೆ ಸೀರೆ ಗಾದಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಸೆರಗು ಎಲ್ಲರ ಕಣ್ಣಿಗೂ ಒಂದೇ ಎತ್ತರದಿಂದ ಕಾಣುತ್ತದೆ. ಚೌಕಾಸಿ ನಡೆಯುವಾಗಲೂ ಎರಡೂ ಕಡೆಯವರ ಮಂಡಿ ಹೆಚ್ಚುಕಡಿಮೆ ತಾಗುವಷ್ಟು ಹತ್ತಿರ. ಅದೇ ಊರಿನಲ್ಲಿ, ಗಾಜಿನ ಮುಂಭಾಗದ ನಾಲ್ಕಂತಸ್ತಿನ ಮಳಿಗೆಗೆ ಹೋದರೆ ಅದೇ ಸೀರೆಯನ್ನು ಸೊಂಟದೆತ್ತರದ ಕೌಂಟರಿನ ಮೇಲೆ ಹರಡುತ್ತಾರೆ. ಈಚೆ ಕಡೆ ಗಿರಾಕಿಗಳಿಗೆ ಮೆತ್ತೆ ಹಾಕಿದ ಕುರ್ಚಿ ಇದೆ. ಆಚೆ ಕಡೆ ಗೋಡೆಗೂ ಕೌಂಟರಿಗೂ ನಡುವೆ ಒಬ್ಬರು ಓಡಾಡುವಷ್ಟು ಸಂದು. ಅದರಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿರುತ್ತಾಳೆ.

ಬೆಳಿಗ್ಗೆ ಬಾಗಿಲು ತೆರೆದಾಗ ನಿಂತವಳು ರಾತ್ರಿ ಶಟರ್ ಎಳೆಯುವ ತನಕ ನಿಂತೇ ಇರುತ್ತಾಳೆ, ಊಟದ ಬಿಡುವೊಂದನ್ನು ಬಿಟ್ಟು. ಗಿರಾಕಿಗಳಿಲ್ಲದ ಮಟಮಟ ಮಧ್ಯಾಹ್ನದಲ್ಲೂ ಕೂರುವ ಹಾಗಿಲ್ಲ, ಕೂರಲು ಅಲ್ಲಿ ಏನೂ ಇಲ್ಲ. ಸಂಜೆಯ ಹೊತ್ತಿಗೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ, ಚಪ್ಪಲಿಯಿಂದ ಹಿಮ್ಮಡಿ ಹೊರಗೆ ತೆಗೆದು ತಣ್ಣನೆಯ ಟೈಲ್ಸಿಗೆ ಒತ್ತಿಕೊಂಡಿರುವುದು ಕೌಂಟರಿನ ಬದಿಯಿಂದ ನೋಡಿದರೆ ಕಾಣುತ್ತದೆ. ಆ ಮಳಿಗೆಯ ನಕ್ಷೆ ಬರೆದವರಿಗೆ ಆಕೆಯ ಮೇಲೆ ಹಗೆಯೇನೂ ಇದ್ದಿರಲಾರದು. ದೀಪ ಎಲ್ಲಿರಬೇಕು, ಜರಿಯ ಮೇಲೆ ಬೆಳಕು ಹೇಗೆ ಬೀಳಬೇಕು, ಗಿರಾಕಿ ಮೆಟ್ಟಿಲು ಹತ್ತುವಾಗ ಮೊದಲು ಏನು ಕಣ್ಣಿಗೆ ಬೀಳಬೇಕು, ಎಲ್ಲವನ್ನೂ ಲೆಕ್ಕ ಹಾಕಿದ್ದಾರೆ. ಆಕೆಯ ಕಾಲು ಆ ಲೆಕ್ಕಕ್ಕೆ ಬಂದಿಲ್ಲ.

ಇದನ್ನು ಲೆಕ್ಕಕ್ಕೆ ತಂದವರು ಕಲ್ಲಿಕೋಟೆಯ ಹೆಂಗಸರು. ಅಲ್ಲಿನ ಮಿಠಾಯಿ ತೆರುವು ಬಟ್ಟೆ ಅಂಗಡಿಗಳಿಗೆ ಹೆಸರಾದ ಬೀದಿ. ದರ್ಜಿ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು ಅಲ್ಲಿನ ಕೆಲಸಗಾರ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟು’ ಎಂಬ ಸಂಘ ಕಟ್ಟಿದರು. ಶೌಚಾಲಯ ಕೊಡಿ ಎಂಬ ಬೇಡಿಕೆಯ ಜೊತೆಗೆ ಅವರು ಹಿಡಿದ ಇನ್ನೊಂದು ಹಟ ಕೂರುವ ಹಕ್ಕಿನದು. ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನದ ವ್ಯವಸ್ಥೆ ಇರಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಬೀದಿಯಿಂದ ಹೊರಟ ದನಿ ಸರ್ಕಾರದ ಬಾಗಿಲ ತನಕ ಹೋಗಬೇಕಾಯಿತು. ಆ ಸ್ಟೂಲಿನ ಬೆಲೆ ಮಳಿಗೆಯಲ್ಲಿ ಮಾರುವ ಒಂದು ಸಾಧಾರಣ ಸೀರೆಗಿಂತ ಕಡಿಮೆ.

ವಿನ್ಯಾಸದ ಬಗ್ಗೆ ಮಾತು ಬಂದಾಗ ನಾವು ಹೆಚ್ಚಾಗಿ ಅಂದಚಂದದ ಮಾತಾಡುತ್ತೇವೆ. ಫೋನಿನ ಅಂಚು ಎಷ್ಟು ನಯ, ವಿಮಾನ ನಿಲ್ದಾಣದ ಚಾವಣಿ ಎಷ್ಟು ಭವ್ಯ, ಹೊಸ ಫ್ಲ್ಯಾಟಿನ ಅಡುಗೆಮನೆ ಎಷ್ಟು ಒಪ್ಪ. ನನಗೆ ಈಚೆಗೆ ಯಾವ ಕಟ್ಟಡದ ಒಳಗೆ ಹೋದರೂ, ಯಾವ ವಸ್ತುವನ್ನು ನೋಡಿದರೂ ಬೇರೊಂದು ಪ್ರಶ್ನೆ ಏಳುತ್ತದೆ. ಇಲ್ಲಿ ಯಾರು ಕೂರಬಹುದು? ಎಷ್ಟು ಹೊತ್ತು? ಯಾರ ಪಕ್ಕ? ದಣಿದ ಮೈಗೆ ಬೇಕಾದದ್ದು ಇಷ್ಟೇ, ಆದರೆ ಅದು ಸಿಗುತ್ತದೋ ಇಲ್ಲವೋ ಎಂಬುದು ನಾವು ಅಲ್ಲಿಗೆ ಹೋಗುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ತೀರ್ಮಾನ ಮಾಡಿದವರು ಸ್ಥಳದಲ್ಲಿ ಇರುವುದಿಲ್ಲ. ಹಾಗಾಗಿ ಕೇಳೋಣವೆಂದರೂ ಎದುರಿಗೆ ಯಾರೂ ಸಿಗುವುದಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು, ಜಗಲಿ ಇತ್ತು, ಅರಳಿಕಟ್ಟೆ ಇತ್ತು, ಈಗ ಎಲ್ಲ ಹೋಯಿತು ಎಂದು ನಾನು ಹೇಳಲಾರೆ. ಜಗಲಿ ನಿಜಕ್ಕೂ ಜಾಣ ವಿನ್ಯಾಸ. ಬೀದಿಯದೂ ಅಲ್ಲದ, ಪೂರ್ತಿ ಮನೆಯದೂ ಅಲ್ಲದ ಜಾಗ ಅದು. ದಾರಿಹೋಕ ನೀರು ಕೇಳಿ ಕುಡಿದು ಎರಡು ಗಳಿಗೆ ಕೂತು ಹೋಗಬಹುದಿತ್ತು. ಆದರೆ ಎಲ್ಲ ದಾರಿಹೋಕರಿಗೂ ಆ ಮಾತು ಸಲ್ಲುತ್ತಿರಲಿಲ್ಲ. ಅಂಗಳದಲ್ಲೇ ನಿಲ್ಲಬೇಕಾದವರು ಯಾರು, ಜಗಲಿಯ ಕೆಳಗಿನ ಮೆಟ್ಟಿಲ ತನಕ ಬರಬಹುದಾದವರು ಯಾರು, ಜಗಲಿಯ ಮೇಲೆ ಚಾಪೆ ಹಾಸಿಸಿಕೊಳ್ಳುವವರು ಯಾರು, ಪಡಸಾಲೆಯಲ್ಲಿ ಮಣೆ ಯಾರಿಗೆ, ಎಲ್ಲವೂ ಜಾತಿಯ ಮೇಲೆ ನಿಂತಿತ್ತು. ಮನೆಯ ನೆಲ ಅರ್ಧರ್ಧ ಅಡಿ ಏರುತ್ತ ಹೋದಂತೆ ಬರುವವರ ಸಂಖ್ಯೆ ಇಳಿಯುತ್ತ ಹೋಗುತ್ತಿತ್ತು. ಯಜಮಾನರ ಮುಂದೆ ಕೂತ ತಪ್ಪಿಗೆ ಏಟು ತಿಂದವರ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಊರ ನಡುವಿನ ಕಟ್ಟೆಯನ್ನು ಹೊಗಳುವಾಗ ಅದರ ಮೇಲೆ ಹತ್ತಲಾಗದೆ ದೂರ ನಿಂತು ಪಂಚಾಯ್ತಿಯ ಮಾತು ಕೇಳಿದವರನ್ನು ಮರೆತರೆ ಹೊಗಳಿಕೆಗೆ ಅರ್ಥವಿಲ್ಲ.

ಆದ್ದರಿಂದಲೇ ಯಾರೂ ಕಲೆಯೆಂದು ಕರೆಯದ ಒಂದು ವಸ್ತುವಿನ ಮೇಲೆ ನನಗೆ ಗೌರವ. ಅದು ಪ್ಲಾಸ್ಟಿಕ್ ಕುರ್ಚಿ.

ಶಾಮಿಯಾನದವರು ಗೂಡ್ಸ್ ಆಟೋದಿಂದ ಅದನ್ನು ಇಳಿಸುವುದನ್ನು ಗಮನಿಸಿ ನೋಡಬೇಕು. ಒಂದರೊಳಗೊಂದು ಕೂತ ಹತ್ತು ಹದಿನೈದು ಕುರ್ಚಿಗಳ ಅಡಕಲನ್ನು ಒಬ್ಬನೇ ತಬ್ಬಿ ಎತ್ತುತ್ತಾನೆ. ಒಂದೊಂದನ್ನೇ ಕಿತ್ತು ಬೀಸಿದರೆ ಸಾಲು ತಾನೇ ಆಗುತ್ತದೆ. ಇಡೀ ಕುರ್ಚಿ ಒಂದೇ ತುಂಡು, ಮೊಳೆಯಿಲ್ಲ, ಬೆಸುಗೆಯಿಲ್ಲ, ಅಂಟಿಲ್ಲ. ಪಾಲಿಪ್ರೊಪಿಲಿನ್ ಹರಳನ್ನು ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಿ, ಉಕ್ಕಿನ ಅಚ್ಚಿಗೆ ಭಾರಿ ಒತ್ತಡದಲ್ಲಿ ತುಂಬಿ, ತಣಿಸಿ ಹೊರತೆಗೆದರೆ ಮುಗಿಯಿತು. ಕಾಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ಗಟ್ಟಿ ಕಂಬವಲ್ಲ, ಮಡಿಸಿದ ಹಾಳೆಯ ಹಾಗೆ ಮೂಲೆ ತಿರುಗಿಸಿದ ತೆಳು ಗೋಡೆ. ಆ ಮಡಿಕೆಯಿಂದಲೇ ಅದಕ್ಕೆ ಬಲ. ಕೈಯೊರಗು ಬರೀ ಕೈಯಿಡಲು ಇರುವುದಲ್ಲ, ಬೆನ್ನನ್ನೂ ಕಾಲನ್ನೂ ಜೋಡಿಸಿ ಹಿಡಿಯುವುದು ಅದೇ. ಬೆನ್ನಿನ ಸಂದುಗಳಿಂದ ಗಾಳಿಯಾಡುತ್ತದೆ, ಕೂರುವ ಜಾಗದ ತೂತಿನಿಂದ ಮಳೆನೀರು ಇಳಿದು ಹೋಗುತ್ತದೆ. ಇದರ ಹಿಂದೆ ದೊಡ್ಡ ದೊಡ್ಡವರ ತಲೆ ಓಡಿದೆ. ಡೆನ್ಮಾರ್ಕಿನ ವರ್ನರ್ ಪ್ಯಾಂಟನ್, ಇಟಲಿಯ ಜೋ ಕೊಲೊಂಬೊ 1960ರ ದಶಕದಲ್ಲಿ ಪ್ಲಾಸ್ಟಿಕ್ಕಿನ ಒಂದೇ ಅಚ್ಚಿನ ಕುರ್ಚಿಯ ಕನಸಿನ ಹಿಂದೆ ಬಿದ್ದಿದ್ದರು. ಅವರು ಮಾಡಿದ್ದು ದುಬಾರಿಯಾಯಿತು, ಉಳ್ಳವರ ಮನೆ ಸೇರಿತು. 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ಎಂಬ ಇಂಜಿನಿಯರು ಎರಡು ನಿಮಿಷದೊಳಗೆ ಒಂದು ಕುರ್ಚಿ ಅಚ್ಚಿನಿಂದ ಹೊರಬರುವ ಹಾಗೆ ಮಾಡಿದರು. ಆಮೇಲೆ ಅದು ಎಲ್ಲ ದೇಶಗಳದ್ದಾಯಿತು. ನಮ್ಮಲ್ಲಿ ನೀಲ್‌ಕಮಲ್, ಸುಪ್ರೀಂ ಎಂಬ ಹೆಸರುಗಳ ಜೊತೆ ಹಳ್ಳಿಹಳ್ಳಿಗೂ ತಲುಪಿತು.

ತಲುಪಿ ಏನು ಮಾಡಿತು? ಮದುವೆ ಮನೆಯಲ್ಲಿ, ಸಾವಿನ ಮನೆಯ ಮುಂದಿನ ಬೀದಿಯಲ್ಲಿ, ಗ್ರಾಮಸಭೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ, ಆರೋಗ್ಯ ಶಿಬಿರದಲ್ಲಿ ಎಲ್ಲರನ್ನೂ ಒಂದೇ ಎತ್ತರಕ್ಕೆ ಕೂರಿಸಿತು. ಸಾಲಿನಲ್ಲಿ ನೂರು ಕುರ್ಚಿ ಇಟ್ಟಾಗ ಯಾವುದು ಯಾರದೆಂದು ಯಾವ ಕುರ್ಚಿಯೂ ಹೇಳುವುದಿಲ್ಲ. ಮರದ ಕುರ್ಚಿಗೆ ಮನೆತನ ಇತ್ತು, ಕೆತ್ತನೆ ಇತ್ತು, ಯಜಮಾನ ಇದ್ದ. ಇದಕ್ಕೆ ಅವು ಯಾವುವೂ ಇಲ್ಲ, ದಿನದ ಬಾಡಿಗೆಗೆ ಬಂದು ಹೋಗುತ್ತದೆ. ಜಾತಿ ಇದರಿಂದ ಅಳಿಯಿತು ಎಂದು ನಾನು ಹೇಳುತ್ತಿಲ್ಲ. ಕುರ್ಚಿಯ ಮೇಲೆ ಕೂತದ್ದಕ್ಕೆ ದಲಿತರ ಮೇಲೆ ಹಲ್ಲೆ ನಡೆದ ಸುದ್ದಿಗಳು ಈ ದೇಶದ ಪತ್ರಿಕೆಗಳಲ್ಲಿ ಈಗಲೂ ಬರುತ್ತವೆ. ಆದರೆ ಆ ಸುದ್ದಿಗಳೇ ಒಂದು ವಿಷಯವನ್ನು ಸಾರುತ್ತವೆ. ಕೂರುವವರು ಈಗ ಅಪ್ಪಣೆಗೆ ಕಾಯುತ್ತಿಲ್ಲ, ಕೈಗೆಟುಕುವಲ್ಲಿ ಕುರ್ಚಿ ಇದೆ, ಎಳೆದುಕೊಂಡು ಕೂರುತ್ತಾರೆ.

ಈ ಕುರ್ಚಿಯನ್ನು ಕಂಡರಾಗದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ತನ್ನ ಬೀದಿಗಳ ಚೆಲುವು ಕೆಡುತ್ತದೆಂದು 2008ರಿಂದ 2017ರ ವರೆಗೆ ಸಾರ್ವಜನಿಕ ಜಾಗಗಳಲ್ಲಿ ಇದನ್ನು ನಿಷೇಧಿಸಿತ್ತು. ಪ್ಲಾಸ್ಟಿಕ್ ಎಂಬ ದೂರು ಮಾತ್ರ ನಿಜವಾದ ದೂರು. ಬಿಸಿಲಿಗೆ ಬೆಳ್ಳಗಾಗಿ, ಪೆಡಸಾಗಿ, ಒಂದು ದಿನ ಹಿಂಗಾಲು ಸೀಳುತ್ತದೆ. ಆದರೆ ನಮ್ಮವರು ಅಲ್ಲಿಗೇ ಬಿಡುವುದಿಲ್ಲ. ಸೀಳಿದ ಕಡೆ ಎರಡೂ ಬದಿಗೆ ಕಾಸಿದ ಮೊಳೆಯಿಂದ ತೂತು ಮಾಡಿ ಬೈಂಡಿಂಗ್ ವೈರಿನಿಂದ ಹೊಲಿದು ಇನ್ನೆರಡು ಮಳೆಗಾಲ ತಳ್ಳುತ್ತಾರೆ. ಅಮೆರಿಕದ ಇಂಜಿನಿಯರ್ ಡಾನ್ ಶೆಂಡಾರ್ಫರ್ ಇದೇ ಬಿಳಿ ಕುರ್ಚಿಗೆ ಉಕ್ಕಿನ ಚೌಕಟ್ಟು, ಸೈಕಲ್ಲಿನಂಥ ಚಕ್ರ ಜೋಡಿಸಿ ಅಗ್ಗದ ಗಾಲಿಕುರ್ಚಿ ಮಾಡಿದರು. ಮೊದಲ ಕೆಲವನ್ನು ಅವರು 2001ರಲ್ಲಿ ತಂದದ್ದು ಭಾರತಕ್ಕೆ. ಅವರ ಸಂಸ್ಥೆ ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಗಾಲಿಕುರ್ಚಿಗಳನ್ನು ಬಡವರಿಗೆ ಪುಕ್ಕಟೆಯಾಗಿ ತಲುಪಿಸಿದೆ. ನೆಲದ ಮೇಲೆ ತೆವಳುತ್ತಿದ್ದವರು ಎದ್ದು ಕೂತು ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವಂತಾಯಿತು. ಚೆಲುವಿನ ತಕ್ಕಡಿಯಲ್ಲಿ ಇದನ್ನು ಹೇಗೆ ತೂಗುವುದು?

ಇದರ ಎದುರಿಗೆ ಚಂಡೀಗಢದ ಕುರ್ಚಿಯನ್ನು ಇಟ್ಟು ನೋಡಿ. ತೇಗದ ಮರ, ಬೆತ್ತದ ಹೆಣಿಗೆ, ತಲೆಕೆಳಗಾದ ವಿ ಆಕಾರದ ಕಾಲು. ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಆ ನಗರ ಕಟ್ಟುವಾಗ ಅವರ ಒಡನಾಡಿ, ಸಂಬಂಧಿ ಪಿಯರ್ ಜನರೆ ಅಲ್ಲಿನ ಕಚೇರಿ, ಕಾಲೇಜುಗಳಿಗೆಂದು ರೂಪಿಸಿದ್ದು. ಗುಮಾಸ್ತರು ಕೂತು ಕಡತ ನೋಡಿದ ಆ ಕುರ್ಚಿಗಳು ಹಳತಾದ ಮೇಲೆ ಗುಜರಿ ರಾಶಿ ಸೇರಿದವು. ಅಲ್ಲಿಂದ ವ್ಯಾಪಾರಿಗಳ ಕೈಗೆ ಹೋಗಿ, ಈಗ ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಬಿಕರಿಯಾಗುತ್ತವೆ. ಕೊಂಡವರು ಅದರ ಮೇಲೆ ಕೂರುತ್ತಾರೋ ಇಲ್ಲವೋ. ಇನ್ನೊಂದು ಮಾತೂ ಇದೆ. ಕಾರ್ಬ್ಯೂಸಿಯೆ ಎಲ್ಲ ಅಳತೆಗೂ ಮೂಲವಾಗಿ ಇಟ್ಟುಕೊಂಡ ‘ಮಾಡ್ಯುಲೋರ್’ ಮನುಷ್ಯನ ಎತ್ತರ 1.83 ಮೀಟರ್, ಅಂದರೆ ಆರಡಿ. ನಮ್ಮ ದೇಶದಲ್ಲಿ ಆರಡಿಯ ಗಂಡಸರೇ ಅಪರೂಪ, ಹೆಂಗಸರ ಮಾತು ಬಿಡಿ. ಭಾರತೀಯರ ಮೈಯಳತೆಗಳನ್ನು ವಿನ್ಯಾಸಗಾರರಿಗೆಂದು ಒಟ್ಟುಮಾಡಿದ ದೇಬ್‌ಕುಮಾರ್ ಚಕ್ರವರ್ತಿಯವರ ಪುಸ್ತಕ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ಹೊರಬರಲು 1997 ಬರಬೇಕಾಯಿತು. ಬ್ಯಾಂಕಿನ ಬೆಂಚಿನಲ್ಲಿ, ಬಸ್ಸಿನ ಸೀಟಿನಲ್ಲಿ ಅಜ್ಜಿಯಂದಿರ ಪಾದ ನೆಲ ಮುಟ್ಟದೆ ಜೋತಾಡುವುದನ್ನು ಕಂಡಾಗಲೆಲ್ಲ ಆ ಆರಡಿ ಮನುಷ್ಯ ಇನ್ನೂ ನಮ್ಮ ಜೊತೆಗೇ ಇದ್ದಾನೆ ಅನ್ನಿಸುತ್ತದೆ.

ಅಡುಗೆಮನೆಗೆ ಬರೋಣ, ಯಾಕೆಂದರೆ ಕೂರುವ ಜಾಗ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅಲ್ಲಿದ್ದಾರೆ. ಹಳೆಯ ಅಡುಗೆಮನೆಯ ಕೆಲಸವೆಲ್ಲ ನೆಲದ ಮಟ್ಟದಲ್ಲಿತ್ತು. ಒಲೆ, ಒರಳು, ಬೀಸುಕಲ್ಲು, ಈಳಿಗೆ ಮಣೆ, ಮೊಸರು ಕಡೆಯುವ ಕಂಬ. ಹೊಗೆಯಲ್ಲಿ ಕಣ್ಣು, ಎದೆ ಹಾಳಾದದ್ದು, ಬಗ್ಗಿ ಎದ್ದು ಸೊಂಟ ಬಿದ್ದದ್ದು ನಿಜ. ಅದು ಮತ್ತೆ ಬರಲಿ ಎಂದು ಯಾವ ಹೆಂಗಸೂ ಕೇಳುವುದಿಲ್ಲ. ಆದರೆ ಈಳಿಗೆ ಮಣೆಯ ಮೇಲೆ ಒಂದು ಕಾಲು ಮಡಿಸಿ ಕೂತು ಬೀನ್ಸ್ ಹೆಚ್ಚುವಾಗ ಪಕ್ಕದಲ್ಲಿ ಇನ್ನೊಬ್ಬರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಮಗು ಅಲ್ಲೇ ಉರುಳಾಡುತ್ತಿತ್ತು. ಗ್ಯಾಸ್ ಬಂತು, ಗ್ರಾನೈಟ್ ಕಟ್ಟೆ ಬಂತು, ಒಲೆ ಮೇಲೇರಿತು, ಅದರ ಹಿಂದೆ ಎಲ್ಲ ಕೆಲಸವೂ ಮೇಲೇರಿತು. ಹೆಂಗಸು ಎದ್ದು ನಿಂತಳು, ಗೋಡೆಗೆ ಮುಖ ಮಾಡಿ ನಿಂತಳು, ನಿಂತೇ ಇದ್ದಾಳೆ.

ಇಂಥ ಅಡುಗೆಮನೆಗಳಿಗೆಲ್ಲ ಮೂಲವೆನ್ನುವ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ರೂಪಿಸಿದ್ದು 1926ರಲ್ಲಿ, ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ. ಯುದ್ಧದ ನಂತರ ಕಾರ್ಮಿಕರಿಗೆ ಮನೆ ಕಟ್ಟುತ್ತಿದ್ದ ಕಾಲ. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಮನೆಯನ್ನು ನೋಡಿ, ಹೆಂಗಸರು ಎಷ್ಟು ಹೆಜ್ಜೆ ಹಾಕುತ್ತಾರೆಂದು ಲೆಕ್ಕ ಹಾಕಿ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕೋಣೆಯಲ್ಲಿ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿದರು. ಹತ್ತು ಸಾವಿರದಷ್ಟು ಮನೆಗಳಿಗೆ ಅದು ಹೋಯಿತು. ಆ ಅಡುಗೆಮನೆಯ ಕಿಟಕಿಯ ಕೆಳಗೆ ತರಕಾರಿ ಹೆಚ್ಚಲು ಒಂದು ಮೇಜಿತ್ತು, ಅದರ ಮುಂದೆ ಗಿರಕಿ ಹೊಡೆಯುವ ಒಂದು ಸ್ಟೂಲು. ಕೂತು ಹೆಚ್ಚಿ, ಕೂತಲ್ಲೇ ಸಿಪ್ಪೆಯನ್ನು ಮೇಜಿನ ಸಂದಿನಿಂದ ಕೆಳಗಿನ ಡಬ್ಬಕ್ಕೆ ತಳ್ಳಬಹುದಿತ್ತು. ನಾವು ಅವರಿಂದ ಕಟ್ಟೆ ತಂದೆವು, ಕಪಾಟು ತಂದೆವು, ಸ್ಟೂಲನ್ನು ಮಾತ್ರ ಅಲ್ಲೇ ಬಿಟ್ಟೆವು. ಇವತ್ತಿನ ಮಾಡ್ಯುಲರ್ ಅಡುಗೆಮನೆಯಲ್ಲಿ ಕಟ್ಟೆಯ ಕೆಳಗೆ ಇಂಚೂ ಬಿಡದೆ ಡ್ರಾಯರು. ಸ್ಟೂಲು ತಂದಿಟ್ಟುಕೊಂಡರೂ ಮಂಡಿ ಚಾಚಲು ಜಾಗವಿಲ್ಲ. ಮೂರು ಗಾತ್ರದ ಚಮಚಕ್ಕೆ ಮೂರು ಗೂಡು ಮಾಡಿಕೊಡುವವರು ಎರಡು ಮಂಡಿಗೆ ಒಂದೂಮುಕ್ಕಾಲು ಅಡಿ ಯಾಕೆ ಬಿಡಲಿಲ್ಲ? ಅವರು ಬಿಡಲಿಲ್ಲ ಎಂದು ದೂರುವ ಮೊದಲು, ದುಡ್ಡು ಕೊಟ್ಟು ಮಾಡಿಸಿದ ಮನೆಯವರೂ ಕೇಳಲಿಲ್ಲ ಎಂಬುದನ್ನು ಹೇಳಬೇಕು. ಅಡುಗೆ ಮಾಡುವವಳು ನಿಂತಿರುತ್ತಾಳೆ ಎಂದು ಎಲ್ಲರೂ ಮೊದಲೇ ಒಪ್ಪಿಬಿಟ್ಟಿದ್ದಾರೆ.

ಕೂರುವ ಜಾಗ ತೆಗೆದರೆ ಯಾವಾಗಲೂ ಕೆಡುಕೇ ಎಂದೂ ಹೇಳುವಂತಿಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ ಕುರ್ಚಿಗಳನ್ನೇ ತೆಗೆದು ಎದೆಯೆತ್ತರದ ಕಟ್ಟೆ ಇಟ್ಟಿತು. ಜಾಗದ ಬಾಡಿಗೆ ಉಳಿಯಿತು, ಮಾಣಿಗಳ ಸಂಬಳ ಉಳಿಯಿತು, ಒಳ್ಳೆಯ ಇಡ್ಲಿ ಅಗ್ಗಕ್ಕೆ ಸಿಕ್ಕಿತು. ಒಂದು ಕಾಲಕ್ಕೆ ಒಂದು ಜಾತಿಯವರಿಗೆ ಬೇರೆ ಕೋಣೆ ಇಟ್ಟಿದ್ದ ಹೋಟೆಲುಗಳ ನಾಡಿನಲ್ಲಿ ಆಟೋದವರು, ಬ್ಯಾಂಕಿನವರು, ಕಾಲೇಜು ಹುಡುಗಿಯರು ಒಂದೇ ಕಟ್ಟೆಗೆ ಮೊಣಕೈ ಊರಿ ಚಟ್ನಿ ಹಂಚಿಕೊಂಡರು. ಪಂಕ್ತಿಯೇ ಇಲ್ಲದ ಮೇಲೆ ಪಂಕ್ತಿಭೇದ ಎಲ್ಲಿಂದ? ಇದು ಸಣ್ಣ ಸಾಧನೆಯಲ್ಲ. ಅದೇ ಹೊತ್ತಿಗೆ ಮಂಡಿ ನೋವಿನ ಹಿರಿಯರು, ಬಸುರಿಯರು, ಹರಟುತ್ತ ಒಂದು ಕಾಫಿಗೆ ಒಂದು ಗಂಟೆ ಕೂರುತ್ತಿದ್ದವರು ಅಲ್ಲಿಂದ ಹೊರಗಾದರು.

ಬೀದಿಯದು ಇನ್ನೂ ಕಠಿಣ ಕಥೆ. ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಎಂಬವರು ಕಚೇರಿ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ನೋಡಿದರು, 1980ರಲ್ಲಿ ಪುಸ್ತಕ ಮಾಡಿದರು. ಅವರು ಕಂಡದ್ದು ಮಗುವಿಗೂ ಗೊತ್ತಿರುವ ವಿಷಯ: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಶಿಲ್ಪ, ಕಾರಂಜಿ, ಬಿಸಿಲು ಎಲ್ಲ ಆಮೇಲೆ. ಇನ್ನೊಂದನ್ನೂ ಅವರು ಗುರುತಿಸಿದರು. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ ಜನ ಕೂರುವ ಮೊದಲು ಅದನ್ನು ಒಂದೆರಡು ಇಂಚಾದರೂ ಸರಿಸುತ್ತಾರೆ. ಸರಿಸುವ ಅಗತ್ಯ ಇರಬೇಕೆಂದಿಲ್ಲ, ಈ ಜಾಗ ನನ್ನದು ಎನ್ನಿಸಲು ಅಷ್ಟು ಸಾಕು. ನಮ್ಮ ಶಾಮಿಯಾನದ ಕೆಳಗೂ ಇದನ್ನೇ ನೋಡುತ್ತೇವೆ. ಸಾಲಾಗಿ ಇಟ್ಟ ಕುರ್ಚಿಗಳು ಅರ್ಧ ಗಂಟೆಯಲ್ಲಿ ಸಾಲು ಬಿಟ್ಟು ದುಂಡಗಾಗಿರುತ್ತವೆ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ನಗರದ ಹೊಸ ಬಸ್ ನಿಲ್ದಾಣಗಳಲ್ಲಿದೆ. ಕೂರಲೆಂದು ಹಾಕಿದ್ದು ಎರಡು ಉಕ್ಕಿನ ಕೊಳವೆ, ಅದೂ ಮುಂದಕ್ಕೆ ವಾಲಿದ್ದು. ಐದು ನಿಮಿಷಕ್ಕೆ ತೊಡೆ ಮರಗಟ್ಟುತ್ತದೆ. ಉದ್ದದ ಬೆಂಚಿದ್ದರೆ ನಡುನಡುವೆ ಕಬ್ಬಿಣದ ಕೈ, ಯಾರೂ ಮೈ ಚಾಚದ ಹಾಗೆ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ 2012ರಲ್ಲಿ ಇಟ್ಟ ಕಾಂಕ್ರೀಟ್ ಬೆಂಚಂತೂ ಎಲ್ಲ ಕಡೆ ಇಳಿಜಾರು, ಮಲಗಲು ಒಂದು ಮೊಳವೂ ಸಮತಟ್ಟಿಲ್ಲ. ಮನೆಯಿಲ್ಲದವನನ್ನು ಓಡಿಸಲೆಂದು ಮಾಡಿದ ಆ ಕಬ್ಬಿಣದ ಕೈ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಗೂ ತಿವಿಯುತ್ತದೆ. ಒಬ್ಬರಿಗೆಂದು ಮಾಡಿದ ಕೆಡುಕು ಎಲ್ಲರಿಗೂ ಸೇರಿತು.

ಬೇರೆ ರೀತಿ ಮಾಡಿದವರಿದ್ದಾರೆ. ವಾಸ್ತುಶಿಲ್ಪಿ ಬಿ.ವಿ. ದೋಶಿ ಇಂದೋರಿನಲ್ಲಿ ಬಡವರಿಗೆಂದು ಅರಣ್ಯ ಬಡಾವಣೆ ರೂಪಿಸುವಾಗ ಚಿಕ್ಕ ನಿವೇಶನ ಮೂವತ್ತೈದು ಚದರ ಮೀಟರಿನಷ್ಟು ಇದ್ದರೂ ಮನೆಮುಂದಿನ ಓಟ್ಲಾವನ್ನು, ಅಂದರೆ ನಮ್ಮ ಜಗಲಿಯನ್ನು, ಮರೆಯಲಿಲ್ಲ. ಬೆಂಗಳೂರಿನ ಐಐಎಂನಲ್ಲೂ ಅವರು ತರಗತಿಗಿಂತ ಮೊಗಸಾಲೆಯ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುತ್ತದೆ. ಆ ಒರಟು ಗ್ರಾನೈಟ್ ಗೋಡೆಗಳ ನಡುವೆ, ನೆರಳು ಬೆಳಕು ಬೀಳುವ ಓಣಿಗಳಲ್ಲಿ ಕೂತು ಮಾತಾಡಲು ಕಲ್ಲಿನ ಕಟ್ಟೆಗಳಿವೆ. ಕಟ್ಟುವಾಗಲೇ ಇಟ್ಟದ್ದು, ಆಮೇಲೆ ತಂದಿಟ್ಟದ್ದಲ್ಲ. ಚೆನ್ನೈ ಮಹಾನಗರ ಪಾಲಿಕೆ 2025ರಲ್ಲಿ ಅಣ್ಣಾನಗರದಲ್ಲಿ ಊಟ, ಸಾಮಾನು ತಲುಪಿಸುವ ಕೆಲಸಗಾರರಿಗೆಂದೇ ಎಸಿ, ಫೋನ್ ಚಾರ್ಜಿಂಗ್ ಇರುವ ವಿಶ್ರಾಂತಿ ಕೋಣೆ ತೆರೆಯಿತು. ಬೆಂಗಳೂರಿನಲ್ಲಿ ಹೋಟೆಲಿನ ಮುಂದೆ ಬೈಕಿನ ಸೀಟಿನ ಮೇಲೆ, ಮೋರಿಯ ಚಪ್ಪಡಿಯ ಮೇಲೆ ಕೂತು ಮುಂದಿನ ಆರ್ಡರಿಗೆ ಕಾಯುವ ಹುಡುಗರನ್ನು ನೋಡುವಾಗ ಆ ಕೋಣೆ ನೆನಪಾಗುತ್ತದೆ.

ಅಪಾರ್ಟ್‌ಮೆಂಟಿನ ನಕ್ಷೆಯಲ್ಲಿ ಪೀಠೋಪಕರಣಗಳನ್ನೂ ಬರೆದಿರುತ್ತಾರೆ. ಸೋಫಾ ಎಲ್ಲಿ, ಊಟದ ಮೇಜಿಗೆ ಎಷ್ಟು ಕುರ್ಚಿ, ಬಾಲ್ಕನಿಯಲ್ಲಿ ತೂಗುಯ್ಯಾಲೆ ಎಲ್ಲಿ ಎಂಬ ತನಕ. ಗೇಟಿನ ಕಾವಲುಗಾರನ ಕುರ್ಚಿ ಮಾತ್ರ ಅದರಲ್ಲಿ ಇರುವುದಿಲ್ಲ. ಮನೆಗಳು ತುಂಬಿದ ಮೇಲೆ ಯಾರೋ ಒಬ್ಬರು ಮುರಿದ ಕೈಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕೆಳಗಿಳಿಸುತ್ತಾರೆ, ಅದು ಅವನದಾಗುತ್ತದೆ. ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆ ಬಾಗಿಲು ತೆಗೆಯುವ ತನಕ ಕಾಯುವ ಕೆಲಸದಾಕೆಗೆ ಅದೂ ಇಲ್ಲ, ಮೆಟ್ಟಿಲೇ ಗತಿ. ಗೇಟಿನ ಹೊರಗೋಡೆಗೆ ಅಂಟಿಸಿ ಒಂದೂಕಾಲು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಒಂದು ಕಲ್ಲುಕಟ್ಟೆ, ಮೇಲೆ ಬಿಸಿಲು ತಡೆಯುವಷ್ಟು ಸಜ್ಜೆ ಹಾಕಲು ಹೆಚ್ಚು ಖರ್ಚಿಲ್ಲ. ಮನೆ ಕಟ್ಟಿಸುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಇಂಜಿನಿಯರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಕಟ್ಟೆ ಹಾಕಿದರೆ ಯಾರ್ಯಾರೋ ಬಂದು ಕೂರುತ್ತಾರೆ ಸಾರ್.”

ಕೂರಲಿ ಅಂತಲೇ ಕೇಳುತ್ತಿದ್ದೇನೆ.